ಐಪಿವಿ6 ಆಫ್ ಮಾಡಬೇಡಿ, ಆರ್‌ಎ ಇಂಟರ್ವಲ್ ನೋಡಿ

ರಾತ್ರಿ ಸ್ಕ್ರೀನ್ ಆಫ್ ಇದ್ದರೂ ವೈಫೈನಲ್ಲಿ ಚಾರ್ಜ್ ಇಳಿಯುತ್ತೆ, ಐಪಿವಿ6 (ಇಂಟರ್ನೆಟ್ ವಿಳಾಸಗಳ ಹೊಸ ವ್ಯವಸ್ಥೆ) ಆಫ್ ಮಾಡಲಾ ಅಂತ ಕೇಳಿದ್ದೀರಲ್ವಾ? ಬೇಡ. ಐಪಿವಿ6ನಲ್ಲಿ ರೂಟರ್ ಆಗಾಗ ‘ನಾನಿಲ್ಲಿದ್ದೇನೆ’ ಅಂತ ಎಲ್ಲರಿಗೂ ಕೂಗಿ ಹೇಳುತ್ತದೆ, ಅದೇ ರೂಟರ್ ಅಡ್ವರ್ಟೈಸ್‌ಮೆಂಟ್, ಅಂದರೆ ಆರ್‌ಎ. ಫೋನಿನ ವೈಫೈ ಚಿಪ್ ಅದನ್ನು ಫಿಲ್ಟರ್ ಮಾಡದಿದ್ದರೆ, ಮಲಗಿದ್ದ ಪ್ರೊಸೆಸರ್ ಪ್ರತಿ ಸಲವೂ ಸುಮ್ನೆ ಎದ್ದು ಕೂರಬೇಕು. ನಮ್ಮನೆ ರೂಟರಿನಲ್ಲಿ ಟಿಸಿಪಿಡಂಪ್ (ನೆಟ್‌ವರ್ಕ್ ಪ್ಯಾಕೆಟ್ ತೋರಿಸುವ ಟೂಲ್) ಹಾಕಿ ನೋಡಿದಾಗ 30 ಸೆಕೆಂಡಿಗೊಂದು ಬರುತ್ತಿತ್ತು, ಅಂದರೆ ಗಂಟೆಗೆ 120! 2016ರ ಆರ್‌ಎಫ್‌ಸಿ 7772 ಅನ್ನೋ ಇಂಟರ್ನೆಟ್ ಮಾರ್ಗಸೂಚಿ ಹೇಳೋದು ಗಂಟೆಗೆ ಸುಮಾರು 7 ಸಾಕು ಅಂತ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಎರಡು ಆರ್‌ಎಗಳ ನಡುವಿನ ಕನಿಷ್ಠ ಇಂಟರ್ವಲ್ 450, ಗರಿಷ್ಠ 600 ಸೆಕೆಂಡ್ ಇಡಿ. ರೂಟರ್ ಲೈಫ್‌ಟೈಮ್ (ಒಂದು ಆರ್‌ಎ ಬಂದ ಮೇಲೆ ಫೋನ್ ಆ ರೂಟರನ್ನು ನಂಬುವ ಅವಧಿ) ಮಾತ್ರ ಅದಕ್ಕಿಂತ ಹಲವು ಪಟ್ಟು ಜಾಸ್ತಿ ಇರಲಿ, 3600 ಸೆಕೆಂಡ್ ಆದರೂ ಕೊಡಿ, ಇಲ್ಲದಿದ್ದರೆ ಒಂದೆರಡು ಪ್ಯಾಕೆಟ್ ತಪ್ಪಿದರೂ ಐಪಿವಿ6 ಕಟ್ ಆಗುತ್ತದೆ. ರೂಟರಿನಲ್ಲಿ ರಾಡ್‌ವಿಡಿ (ಆರ್‌ಎ ಕಳಿಸುವ ಸಾಫ್ಟ್‌ವೇರ್) ಇದ್ದರೆ, ಯಾವುದಾದರೂ ಸಾಧನ ಆರ್‌ಎ ಕೇಳಿದಾಗ ಉತ್ತರ ಎಲ್ಲರಿಗೂ ಹೋಗದೆ ಕೇಳಿದವರಿಗೆ ಮಾತ್ರ (ಯೂನಿಕಾಸ್ಟ್) ಹೋಗುವ ಹಾಗೆ ಮಾಡಿ.