ಶಾಂತಿ ಹೇಳುವ ಹೊತ್ತಿಗೆ ಬಗ್ಗಿಬಿಡುತ್ತಿದ್ದ ತಂಗಿ

ಇವರನ್ನು ರೀಟಾ ಅನ್ನೋಣ. ಹೆಸರು, ಗುರುತು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ನಲವತ್ತೈದು ದಾಟಿದವರು, ಬೆಂಗಳೂರಿನ ಲಗ್ಗೆರೆ ಕಡೆ ಮನೆ. "ನಿದ್ದೆ ಬರಲ್ಲ ಮೇಡಂ" ಅಂತ ಸಲಹೆ ಕೇಳಿಕೊಂಡು ನನ್ನ ಹತ್ತಿರ ಬಂದರು. ಎರಡು ಸಲ ಬರೀ ನಿದ್ದೆಯ ಮಾತೇ ಆಯಿತು. ಮೂರನೇ ಸಲ ಎದ್ದು ಹೊರಡುವಾಗ ಹೇಳಿದರು: "ಚರ್ಚಿನ ಪೂಜೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ತಿರುಗಿ ಕೈ ಮುಗಿದು ಶಾಂತಿ ಹೇಳ್ತಾರಲ್ಲ, ಆಗ ನಾನು ಕರ್ಚೀಫ್ ಬಿದ್ದಿದೆ ಅನ್ನೋ ಹಾಗೆ ಬಗ್ಗಿಬಿಡ್ತೀನಿ. ಹಿಂದಿನ ಬೆಂಚಲ್ಲಿ ಅಕ್ಕ ಇರ್ತಾಳೆ."

ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಹೀಗೇ. ನಾನು ಮತ್ತೆ ಕೂರಿಸಿದೆ.

ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದರು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದರು. ಉಳಿದದ್ದು ಒಂದು ಸೈಟು, ಅದರಲ್ಲೊಂದು ಶೀಟಿನ ಮನೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇಂಥ ಆಸ್ತಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಅಣ್ಣ, "ಖಾತೆ ಬದಲಾವಣೆಗೆ ಸೈನ್ ಬೇಕು" ಅಂತ ಇಬ್ಬರು ತಂಗಿಯರನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ಅದು ತಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ. ರೀಟಾಗೆ ಗೊತ್ತಿತ್ತು. ಅವರ ಮಗನ ಇಂಜಿನಿಯರಿಂಗ್ ಸೀಟಿಗೆ ದುಡ್ಡು ಕಟ್ಟುತ್ತೇನೆ ಅಂತ ಅಣ್ಣ ಮಾತು ಕೊಟ್ಟಿದ್ದ. ಕಟ್ಟಿಯೂ ಕಟ್ಟಿದ. ಅಕ್ಕ ಹೆಚ್ಚು ಓದಿದವರಲ್ಲ. ಪೆನ್ನು ಹಿಡಿದು ತಂಗಿಯ ಮುಖ ನೋಡಿದರಂತೆ.

"ನೀನು ಓದಿದ್ಯೇನೇ?"

"ಓದಿದೀನಿ, ಹಾಕಕ್ಕ."

ಇದನ್ನು ಹೇಳುವಾಗ ರೀಟಾ ತಮ್ಮ ಬಲಗೈ ಬೆರಳುಗಳನ್ನು ಎಡಗೈಯಲ್ಲಿ ಹಿಂಡುತ್ತಿದ್ದರು. ಆ ಪಾಲು ಇನ್ನೂ ತನ್ನದೇ ಅಂತ ಅಕ್ಕ ನಂಬಿದ್ದಾರೆ. ಮಗಳ ಮದುವೆಗೆ ಅದನ್ನೇ ನೆಚ್ಚಿಕೊಂಡಿದ್ದಾರೆ.

ರೀಟಾ ಫಾದರ್ ಹತ್ತಿರ ತಪ್ಪು ಒಪ್ಪಿಕೊಂಡು ಪಾಪನಿವೇದನೆ ಮಾಡಿದ್ದರು. ಅಕ್ಕನಿಗೆ ಹೇಳು ಅಂತ ಫಾದರ್ ಹೇಳಿಯೂ ಇದ್ದರು. ಇವರು ಅದೊಂದು ಬಿಟ್ಟು ಉಳಿದದ್ದೆಲ್ಲಾ ಮಾಡಿದರು. ಗುರುವಾರ ತಪ್ಪದೆ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗಿ ಮೇಣದಬತ್ತಿ ಹಚ್ಚಿದರು. ಅಣ್ಣನ ಹತ್ತಿರ ಒಮ್ಮೆ ಬಾಯಿಬಿಟ್ಟರೆ ಆತ, "ದೇವರೇ ಕ್ಷಮಿಸಿದ ಮೇಲೆ ನೀನ್ಯಾಕೆ ಕೆದಕ್ತೀಯ? ಏಳೆಪ್ಪತ್ತು ಸಲ ಕ್ಷಮಿಸಬೇಕು ಅಂತ ಯೇಸುಸ್ವಾಮಿನೇ ಹೇಳಿಲ್ವಾ?" ಅಂದನಂತೆ.

ನಾನೂ ಚರ್ಚಿಗೆ ಹೋಗುವವಳು. ಆ ಮಾತು ಕೇಳಿ ಹೊಟ್ಟೆ ಉರಿಯಿತು. ಬೈಬಲಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಕೇಳಿದ್ದು, ನನಗೆ ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಲಿ ಅಂತ. ಉತ್ತರ ಬಂದದ್ದು ನೋವು ತಿಂದವರಿಗೆ. ಮೋಸ ಮಾಡಿದವರು ಅದನ್ನು ಎತ್ತಿಕೊಂಡು ಅಡ್ಡ ಹಿಡಿಯುವ ಹಾಗಿಲ್ಲ. ಮತ್ತಾಯನ ಸುವಾರ್ತೆಯ ಅದೇ 18ನೇ ಅಧ್ಯಾಯದಲ್ಲಿ ಅದಕ್ಕೂ ಮೊದಲು ಇನ್ನೊಂದು ಮಾತಿದೆ: ಸಹೋದರ ತಪ್ಪು ಮಾಡಿದರೆ ಹೋಗಿ, ಇಬ್ಬರೇ ಇದ್ದಾಗ ಅವನಿಗೆ ಅದನ್ನು ತೋರಿಸು. ಆದರೆ ತನಗೆ ಏನಾಗಿದೆ ಅಂತಲೇ ಅಕ್ಕನಿಗೆ ಗೊತ್ತಿಲ್ಲ. ಅವರು ಏನನ್ನು ತೋರಿಸಬೇಕು, ಏನನ್ನು ಕ್ಷಮಿಸಬೇಕು?

ರೀಟಾಗೆ ಹೇಳಿದ್ದು ಇದು. ಹೋಗಿ ನಡೆದದ್ದು ಹೇಳಿ, ಆದರೆ ಅದೇ ಉಸಿರಿನಲ್ಲಿ "ಕ್ಷಮಿಸಿಬಿಡಕ್ಕ" ಅನ್ನಬೇಡಿ. ನೀವು ಅಳುತ್ತಾ ಕಾಲು ಹಿಡಿದರೆ ಅವರು ತಮ್ಮ ನೋವು ಬಿಟ್ಟು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ದೊಡ್ಡಕ್ಕಂದಿರು ಮಾಡಿಯೂ ಬಿಡುತ್ತಾರೆ. ಆಮೇಲೆ ಒಳಗೊಳಗೇ ಬೇಯುತ್ತಾರೆ. ಅಣ್ಣನ ಮೇಲೆ ಹಾಕಬೇಡಿ, "ಓದಿದೀನಿ ಅಂತ ಸುಳ್ಳು ಹೇಳಿದೆ" ಅನ್ನುವ ಆ ಒಂದು ಮಾತನ್ನು ಹಾಗೇ ಹೇಳಿ. ಬೈಬಲಿನ ಸುಂಕದವನು ಜಕ್ಕಾಯ ಮೋಸದಿಂದ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ನಿಮ್ಮ ಕೈಲಿ ಏನಾಗುತ್ತದೆ ಅಂತ ಯೋಚಿಸಿಕೊಂಡೇ ಹೋಗಿ. ಮೋಸದಿಂದ ಬರೆಸಿಕೊಂಡ ಪತ್ರವನ್ನು ರದ್ದು ಮಾಡಿಸಲು ಸಾಮಾನ್ಯವಾಗಿ ಮೋಸ ಗೊತ್ತಾದ ದಿನದಿಂದ 3 ವರ್ಷ ಅವಕಾಶ ಇರುತ್ತದೆ. ವಕೀಲರ ಹತ್ತಿರ ಜೊತೆಗೆ ಹೋಗಿ, ಸಾಕ್ಷಿ ಹೇಳುತ್ತೇನೆ ಅನ್ನಿ. ಮನೆಯಲ್ಲಿ ಗಂಡನಿಗೆ ಮೊದಲೇ ತಿಳಿಸಿ, ಅಣ್ಣ ಸುಮ್ನೆ ಇರುವುದಿಲ್ಲ.

"ಅಕ್ಕ ಮುಖ ನೋಡದೇ ಹೋದರೆ?" ಅಂದರು. ಅದು ಅವರ ಹಕ್ಕು ಅಂದೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಆತ ಯಾರೋ ಗೊತ್ತೇ ಇಲ್ಲ ಅಂತ ಮೂರು ಸಲ ಅಂದ ಪೇತ್ರನನ್ನು ಯೇಸು ಏನೂ ಆಗಿಲ್ಲ ಅನ್ನುವ ಹಾಗೆ ಮಾತಾಡಿಸಲಿಲ್ಲ. ಅವನು ಆ ರಾತ್ರಿ ಚಳಿ ಕಾಯಿಸಿಕೊಳ್ಳುತ್ತಾ ನಿಂತದ್ದು ಇದ್ದಲಿನ ಕೆಂಡದ ಹತ್ತಿರ. ಆಮೇಲೆ ಕೆರೆದಂಡೆಯಲ್ಲೂ ಅಂಥದ್ದೇ ಕೆಂಡದ ಪಕ್ಕ, ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿಸಿಕೊಳ್ಳಬೇಕಾಯಿತು. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು ಅಂತ ಸುವಾರ್ತೆಯಲ್ಲಿ ಯೊವಾನ್ನ ಬರೆದಿದ್ದಾನೆ.

ಹೋಗಲು ಐದು ವಾರ ಬೇಕಾಯಿತು. ಅಕ್ಕ ಸಿಂಕ್ ಹತ್ತಿರ ಮೀನು ಕ್ಲೀನ್ ಮಾಡುತ್ತಿದ್ದರಂತೆ. ಪೂರ್ತಿ ಕೇಳಿಸಿಕೊಂಡರು. ನಲ್ಲಿ ಬಿಟ್ಟು ಕೈ ತೊಳೆದರು, ಮತ್ತೆ ತೊಳೆದರು. "ಮಗಳಿಗೆ ಏನಂತ ಹೇಳ್ಲಿ?" ಅಂತ ಒಂದೇ ಮಾತು. ಆಮೇಲೆ ಹೋಗು ಅಂದರು.

ಈಗ ವಕೀಲರ ಹತ್ತಿರ ಪೇಪರ್ ಇದೆ. ರೀಟಾ ತಮ್ಮ ಬಳೆ ಮಾರಿ ದುಡ್ಡು ಕೊಟ್ಟಿದ್ದಾರೆ, ಅಕ್ಕ ಎಣಿಸಿ ತೆಗೆದುಕೊಂಡಿದ್ದಾರೆ. ಮಾತು ಇನ್ನೂ ಇಲ್ಲ. ನಿದ್ದೆ ಒಂದೊಂದು ದಿನ ಬರುತ್ತದೆ.

"ಮೊನ್ನೆ ಭಾನುವಾರ ತಿರುಗಿ ಕೈ ಮುಗಿದೆ ಮೇಡಂ. ಅಕ್ಕ ಮುಗೀಲಿಲ್ಲ. ಆದ್ರೆ ನನ್ನ ನೋಡಿದ್ಳು."