ಮಗು ಕೇಳಿದ್ದನ್ನೇ ತಿರುಗಿ ಹೇಳುತ್ತಿದ್ದರೆ ಕಾಯಬೇಕೇ, ತೋರಿಸಬೇಕೇ?

ತೀರ್ಥಹಳ್ಳಿಯ ನಿಮ್ಮ ಮನೆಯಲ್ಲಿ ಎರಡೂ ಮುಕ್ಕಾಲು ವರ್ಷದ ಮಗನನ್ನು ‘ಹಾಲು ಬೇಕಾ?’ ಎಂದು ಕೇಳಿದರೆ ಅವನೂ ‘ಹಾಲು ಬೇಕಾ?’ ಎನ್ನುತ್ತಾನೆ, ಹಿರಿಯರು ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಸಮಾಧಾನ ಹೇಳುತ್ತಾರೆ ಎಂದು ಬರೆದಿದ್ದೀರಿ. ಶಿವಮೊಗ್ಗದಲ್ಲಿ ಮಕ್ಕಳ ವಾಕ್ ಚಿಕಿತ್ಸೆಯ ಕೆಲಸ ಮಾಡುವ ನನ್ನ ಅಭಿಪ್ರಾಯದಲ್ಲಿ, ಇಷ್ಟರಿಂದಲೇ ಗಾಬರಿಯಾಗಬೇಕಿಲ್ಲ. ಆದರೆ ಹಿರಿಯರ ಮಾತನ್ನು ನಂಬಿ ಕಾಯುವುದೂ ಬೇಡ.

ಕೇಳಿದ್ದನ್ನು ಅನುಕರಿಸಿಯೇ ಮಕ್ಕಳು ಮಾತು ಕಲಿಯುತ್ತಾರೆ. ಸ್ವಂತ ಮಾತು ಬೆಳೆದಂತೆಲ್ಲ ಈ ಮರುನುಡಿ ತಗ್ಗುತ್ತ, ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಎಷ್ಟು ಸಲ ಹೇಳಿದ ಎಂಬುದಕ್ಕಿಂತ ಯಾವ ಉದ್ದೇಶಕ್ಕೆ ಹೇಳಿದ ಎಂಬುದನ್ನು ಗಮನಿಸಿ. ನಾನು ನೋಡಿದ ಒಬ್ಬ ಹುಡುಗ ಹೊರಗೆ ಹೋಗಬೇಕೆನಿಸಿದಾಗಲೆಲ್ಲ ಚಪ್ಪಲಿ ಹಿಡಿದು ಬಂದು, ಬಸ್ಸಿನ ಕಂಡಕ್ಟರ್ ಧಾಟಿಯಲ್ಲೇ ‘ಸಾಗರ, ಸಾಗರ, ಸಾಗರ’ ಎಂದು ಕೂಗುತ್ತಿದ್ದ. ಅದು ಎಂದೋ ಕೇಳಿದ ಮಾತೇ ಹೌದು, ಆದರೆ ಅವನ ಪಾಲಿಗೆ ಅದೊಂದು ಬೇಡಿಕೆ. ನಿಮ್ಮ ಮಗನೂ ನಿಮ್ಮ ಮುಖ ನೋಡುತ್ತ, ಲೋಟದ ಕಡೆ ಕೈಚಾಚಿ ‘ಹಾಲು ಬೇಕಾ?’ ಎಂದರೆ ಕೇಳುತ್ತಿದ್ದಾನೆಂದೇ ತಿಳಿಯಿರಿ. ‘ಹಾ ಹಾ ಹಾಲು’ ಎಂದು ಮೊದಲಕ್ಷರದಲ್ಲೇ ತಡವರಿಸುವುದು ಬೇರೆ ವಿಷಯ; ಅದನ್ನು ಇದರೊಂದಿಗೆ ಬೆರೆಸಬಾರದು.

ಹೆಸರು ಹಿಡಿದು ಕರೆದರೆ ತಿರುಗದಿರುವುದು, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿರುವುದು, ಎರಡು ವರ್ಷ ತುಂಬಿದರೂ ‘ಅಮ್ಮ ಬಾ’ ಎಂಬಂಥ ಎರಡು ಪದಗಳನ್ನು ತಾನಾಗಿ ಜೋಡಿಸದಿರುವುದು, ಯಾರನ್ನೂ ಉದ್ದೇಶಿಸದೆ ಜಾಹೀರಾತಿನ ಸಾಲುಗಳನ್ನು ಗಂಟೆಗಟ್ಟಲೆ ಒಪ್ಪಿಸುವುದು, ಇವು ಮರುನುಡಿಯ ಜೊತೆಗಿದ್ದರೆ ತಡಮಾಡಬಾರದು. ಬರುತ್ತಿದ್ದ ಮಾತು ನಿಂತುಹೋದರಂತೂ ಯಾವ ವಯಸ್ಸಿನಲ್ಲಾದರೂ ಕೂಡಲೇ ತೋರಿಸಬೇಕು. ಇತರರೊಂದಿಗೆ ಬೆರೆಯುವ, ಸಂವಹಿಸುವ ರೀತಿಯೇ ಭಿನ್ನವಾಗಿರುವ ಆಟಿಸಂ ಎಂಬ ಬೆಳವಣಿಗೆಯ ಸ್ಥಿತಿ ಇರುವ ಹಲವು ಮಕ್ಕಳಲ್ಲಿ ಮರುನುಡಿ ಕಾಣುತ್ತದೆ, ಆದರೆ ಅದೊಂದನ್ನೇ ಹಿಡಿದು ಯಾರೂ ಆಟಿಸಂ ಎಂದು ನಿರ್ಧರಿಸಲಾಗದು.

ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ನಮ್ಮ ಮಳೆಗಾಲದಲ್ಲಿ ಮಕ್ಕಳಿಗೆ ಶೀತ ಬಿಟ್ಟೂ ಬಿಡದೆ ಕಾಡುವುದು ನಿಮಗೂ ಗೊತ್ತು. ಆಗ ಕಿವಿತಮಟೆಯ ಹಿಂದೆ ದ್ರವ ನಿಂತು, ನೋವಿಲ್ಲದೆಯೂ ಕೇಳಿಸುವಿಕೆ ಮಂದವಾಗಬಹುದು. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಿದರೆ, ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಮುಂದಿನ ತಪಾಸಣೆಗೆ ಕಳುಹಿಸುವ ವ್ಯವಸ್ಥೆ ಅದರಲ್ಲಿದೆ. ವಿವರವಾದ ಪರೀಕ್ಷೆ ಬೇಕಾದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಅಲ್ಲಿಯವರೆಗೆ ‘ಹಾಗೆ ಹೇಳಬೇಡ’ ಎಂದು ಗದರಬೇಡಿ. ಪ್ರಶ್ನೆಗಳನ್ನು ಕಡಿಮೆ ಮಾಡಿ, ಅವನು ಆಡಬೇಕಾದ ಮಾತನ್ನು ಅವನ ಪರವಾಗಿ ನೀವೇ ಆಡಿ: ಹಾಲು ಕೊಡುವಾಗ ‘ನಂಗೆ ಹಾಲು ಬೇಕು’ ಎನ್ನಿ, ಅನುಕರಿಸಿದರೂ ಅವನ ಬಾಯಲ್ಲಿ ಬರುವುದು ಸರಿಯಾದ ವಾಕ್ಯವೇ ಆಗುತ್ತದೆ. ಮನೆಯಲ್ಲಿ ಹವ್ಯಕ ಕನ್ನಡ, ಹೊರಗೆ ಬೇರೆ ಕನ್ನಡ ಇರುವುದು ಇದಕ್ಕೆ ಕಾರಣವಲ್ಲ, ಯಾವುದನ್ನೂ ಬಿಡಬೇಕಿಲ್ಲ. ಪರೀಕ್ಷೆಗೆ ಹೋಗುವಾಗ ಅವನು ಮನೆಯಲ್ಲಿ ಆಡುವ, ಉಣ್ಣುವ ಹೊತ್ತಿನ ಒಂದೆರಡು ವಿಡಿಯೋಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಹೊಸ ಜಾಗದಲ್ಲಿ ಮಕ್ಕಳು ಬಾಯಿಯನ್ನೇ ಬಿಡುವುದಿಲ್ಲ.