ಗಡಿ ಕಾಯುವ ಜವಾನರಿಗೆ ಮಾನವ ಕಳ್ಳಸಾಗಣೆ ತಡೆಯುವ ತರಬೇತಿ ಯಾಕೆ?

ನಿಮ್ಮ ತಮ್ಮ ಸಶಸ್ತ್ರ ಸೀಮಾ ಬಲಕ್ಕೆ ಆಯ್ಕೆಯಾಗಿದ್ದಾನೆ, ತರಬೇತಿಯಲ್ಲಿ ಮಾನವ ಕಳ್ಳಸಾಗಣೆಯ ಪಾಠವೂ ಇದೆಯಂತೆ, ಅದು ಪೊಲೀಸರ ಕೆಲಸ ಅಲ್ವಾ ಅಂತ ಕೇಳಿದ್ದೀರಿ. ನಾನು ಬೆಳಗಾವಿ ಕಡೆಯವನು, ಅದೇ ಪಡೆಯಿಂದ ನಿವೃತ್ತನಾದವನು. ಕಂಡದ್ದನ್ನು ಹೇಳುತ್ತೇನೆ.

ನಮ್ಮದು ಗೃಹ ಸಚಿವಾಲಯದ ಕೆಳಗಿನ ಪಡೆ. 2001ರಿಂದ ನೇಪಾಳ ಗಡಿ ನಮ್ಮ ಸುಪರ್ದಿಯಲ್ಲಿದೆ. 1,751 ಕಿ.ಮೀ. ಉದ್ದ, ಬೇಲಿ ಇಲ್ಲ, ಎರಡೂ ದೇಶದವರಿಗೆ ವೀಸಾ ಬೇಡ. ಬಿಹಾರದ ರಕ್ಸೌಲಿನಲ್ಲಿ ಬೆಳಿಗ್ಗೆ ನಿಂತರೆ ನೇಪಾಳದ ಬೀರ್‌ಗಂಜ್ ಕಡೆಯಿಂದ ಟಾಂಗಾ, ರಿಕ್ಷಾ, ಸೈಕಲ್ಲುಗಳಲ್ಲಿ ಜನ ಬರುತ್ತಲೇ ಇರುತ್ತಾರೆ. ಮದುವೆಗೆ, ಆಸ್ಪತ್ರೆಗೆ, ಸಂತೆಗೆ. ಹುಡುಗಿಯರನ್ನು ಮಾರುವವನೂ ಆ ಸಾಲಿನಲ್ಲೇ ಬರುತ್ತಾನೆ. ಠಾಣೆ ಸಿಗುವುದು ಆಮೇಲೆ. ಅವಳ ಕಣ್ಣಿಗೆ ಮೊದಲು ಬೀಳುವ ಖಾಕಿ ನಮ್ಮದೇ.

ಸೇರಿದ ಹೊಸದರಲ್ಲಿ ನನ್ನ ಕಣ್ಣೆಲ್ಲ ಚೀಲಗಳ ಮೇಲೆ. ಗಾಂಜಾ, ಖೋಟಾನೋಟು ಹುಡುಕುವುದೇ ಡ್ಯೂಟಿ ಅಂದುಕೊಂಡಿದ್ದೆ. ಹುಡುಗಿಯನ್ನು ಕದ್ದೊಯ್ಯುವವನು ಬಾಯಿ ಕಟ್ಟಿ ಎಳೆದೊಯ್ಯುತ್ತಾನೆ ಎಂಬ ಕಲ್ಪನೆ ಬೇರೆ. ತರಬೇತಿಯಲ್ಲಿ ಕಲಿತ ಮೊದಲ ವಿಷಯ: ಎಷ್ಟೋ ಸಲ ಅವಳು ನಗುನಗುತ್ತಲೇ ಬರುತ್ತಾಳೆ. ದಿಲ್ಲಿಯಲ್ಲಿ ಕೆಲಸ, ಗಲ್ಫಿಗೆ ವಿಮಾನ, ಇಲ್ಲವೇ ಮದುವೆ ಅಂತ ನಂಬಿರುತ್ತಾಳೆ. ಕರೆತರುವವನು ಅವಳ ಊರಿನವನೇ, ಕೆಲವೊಮ್ಮೆ ಸ್ವಂತ ಬಳಗದ ಹೆಂಗಸು.

ಒಂದು ಬೆಳಿಗ್ಗೆ ಹದಿನಾರರ ಆಸುಪಾಸಿನ ಹುಡುಗಿ ಬಂದಳು. ಹೊಸ ಚಪ್ಪಲಿ, ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಅವಳನ್ನು ಏನು ಕೇಳಿದರೂ ಜೊತೆಗಿದ್ದವನದೇ ಉತ್ತರ, ಗಂಡನಂತೆ. ಅವಳ ಕಾಗದಪತ್ರವೂ ಅವನ ಜೇಬಿನಲ್ಲಿ. ನಮ್ಮ ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ನೆರಳಿಗೆ ಕರೆದು ನೀರು ಕೊಟ್ಟರು, ನಾನು ಇವನ ಹತ್ತಿರ ನಿಂತೆ. ಇಬ್ಬರಿಗೂ ಅದೇ ಪ್ರಶ್ನೆಗಳು: ಮದುವೆ ಎಲ್ಲಾಯ್ತು, ಅತ್ತೆಯ ಹೆಸರೇನು, ಇವತ್ತು ರಾತ್ರಿ ಎಲ್ಲಿ ಉಳಿಯುತ್ತೀರಿ? ಅವನು ಗೋರಖ್‌ಪುರ ಅಂದ. ಅವಳು, "ಮುಂಬೈ, ಸಮುದ್ರ ತೋರಿಸ್ತಾರಂತೆ" ಅಂದಳು. ಅತ್ತೆಯ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಮುಂದಿನದು ಪೊಲೀಸರ ಪಾಲು. ತನಿಖೆ ನಮ್ಮ ಕೆಲಸವಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನವ ಕಳ್ಳಸಾಗಣೆಗೆ 143ನೇ ಕಲಂ ಇದೆ. ಸಿಕ್ಕವರು ಮಕ್ಕಳಾಗಿದ್ದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ನನಗೆ ಹೆಚ್ಚು ಕಲಿಸಿದವರು ಸ್ವಯಂಸೇವಾ ಸಂಸ್ಥೆಗಳ ಹೆಣ್ಣುಮಕ್ಕಳು. 1993ರಲ್ಲಿ ಅನುರಾಧಾ ಕೊಯಿರಾಲಾ ಕಟ್ಟಿದ ಮೈತಿ ನೇಪಾಲ್‌ನವರು ಗಡಿದಾಟುಗಳಲ್ಲಿ ಕಾವಲು ನಿಲ್ಲುತ್ತಾರೆ. ಅವರಲ್ಲಿ ಒಮ್ಮೆ ಮಾರಾಟವಾಗಿ ಬದುಕಿ ಬಂದವರೂ ಇದ್ದಾರೆ. ನಾವು ಗುರುತಿನ ಚೀಟಿ ನೋಡುವಷ್ಟರಲ್ಲಿ ಅವರು ಹುಡುಗಿಯ ನಡಿಗೆ ನೋಡಿಯೇ ಅನುಮಾನ ಹೇಳುತ್ತಿದ್ದರು. ನೇಪಾಳದ 2015ರ ಭೂಕಂಪದಲ್ಲಿ ಮನೆ ಕಳೆದುಕೊಂಡವರು ಕೆಲಸ ಹುಡುಕಿ ಹೊರಟಾಗ ಈ ಕಣ್ಣುಗಳ ಬೆಲೆ ತಿಳಿಯಿತು.

ಇನ್ನೊಂದನ್ನು ನಿಮ್ಮ ತಮ್ಮನಿಗೆ ಒತ್ತಿ ಹೇಳಿ. ವಯಸ್ಸಿಗೆ ಬಂದ ಹೆಂಗಸು ತನ್ನಿಷ್ಟದಂತೆ ದುಡಿಯಲು ಹೋಗುವುದು ತಪ್ಪಲ್ಲ. ಹರೆಯದವಳನ್ನು ಕಂಡಕೂಡಲೇ ತಡೆಯುವುದು, ನಾಲ್ಕು ಜನರೆದುರು ಗದರುವುದು ಕಾವಲಲ್ಲ. ಗದರಿದರೆ ಅವಳು ಬಾಯಿ ಬಿಡುವುದಿಲ್ಲ, ಜೊತೆಗಿದ್ದವನ ಬೆನ್ನ ಹಿಂದೆಯೇ ಸರಿಯುತ್ತಾಳೆ. ನಾನು ಹಾಗೆ ಗದರಿ, ಉತ್ತರ ಸಿಗದೆ ಬಿಟ್ಟು ಕಳಿಸಿದ ಒಬ್ಬಳ ಮುಖ ಇವತ್ತಿಗೂ ಕಣ್ಮುಂದೆ ಬರುತ್ತದೆ.

ತರಗತಿಯಲ್ಲಿ ಕೂತು ಕೇಳಿದ ಪಾಠ ವಾರಕ್ಕೆ ಮರೆಯುತ್ತದೆ. ನಾಕಾದಲ್ಲಿ ಹಳಬರ ಪಕ್ಕ ನಿಂತು ಕಲಿತದ್ದು ಉಳಿಯುತ್ತದೆ. ಅಲ್ಲಿಗೆ ಹೋಗುವ ಮೊದಲು ಅವನು ನಾಲ್ಕು ಮಾತು ನೇಪಾಳಿ ಕಲಿಯಲಿ. ಹೆಸರು, ಚೀಟಿ ಕೇಳುವ ಮುಂಚೆ ನಾನು ಕೇಳುತ್ತಿದ್ದದ್ದು "ಬಹಿನಿ, ಖಾನಾ ಖಾಯೌ?" ಅಂತ. ತಂಗಿ, ಊಟ ಆಯ್ತಾ?